ಎರಡೂವರೆ ವರ್ಷದ ಮಗಳಿಗೆ ಹಾಲು ಬಿಡಿಸುವುದು ಹೇಗೆ? ಅಮ್ಮಂದಿರ ಅನುಭವ

ಕೇಳಿದವರು: ಮಗಳಿಗೆ ಎರಡೂವರೆ ವರ್ಷ. ಊಟ ಚೆನ್ನಾಗಿ ಮಾಡುತ್ತಾಳೆ, ಆದರೆ ನಿದ್ದೆಗೆ ಎದೆಹಾಲೇ ಬೇಕು. ರಾತ್ರಿ ಮೂರ್ನಾಲ್ಕು ಸಲ ಏಳುತ್ತಾಳೆ. ಅತ್ತೆ "ಇನ್ನೂ ಕುಡಿಸ್ತೀಯಾ? ಈಗ ಬರೀ ನೀರು ಬರೋದು" ಅಂತಾರೆ. ನನಗೂ ಸುಸ್ತಾಗಿದೆ. ಅಳಿಸಿ ಬಿಡಿಸಲು ಮನಸ್ಸಿಲ್ಲ. ನೀವೆಲ್ಲ ಏನು ಮಾಡಿದಿರಿ?

ಇಬ್ಬರು ಮಕ್ಕಳ ತಾಯಿ, ಹಾಸನ: ಬರೀ ನೀರು ಅನ್ನುವುದು ಸುಳ್ಳು. ಎರಡು ವರ್ಷ ದಾಟಿದರೂ ಎದೆಹಾಲಿನಲ್ಲಿ ಕೊಬ್ಬು, ಪ್ರೋಟೀನ್, ಸೋಂಕು ತಡೆಯುವ ಅಂಶ ಎಲ್ಲ ಇರುತ್ತವೆ. ಮೊದಲ 6 ತಿಂಗಳು ಬರೀ ಎದೆಹಾಲು, ಆಮೇಲೆ ಊಟದ ಜೊತೆ 2 ವರ್ಷ ಅಥವಾ ಅದಕ್ಕೂ ಮುಂದೆ ಕುಡಿಸಿ ಅಂತಲೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಗಾಗಿ ಯಾರೋ ಅಂದರು ಅಂತ ಬಿಡಿಸಬೇಡಿ. ಆದರೆ ನಿಮಗೆ ಸುಸ್ತಾಗಿದೆ ಅಂದಿರಲ್ಲ, ಬಿಡಿಸಲು ಅದೊಂದೇ ಸಾಕು.

ನಾನು ಹಗಲಿನಿಂದ ಶುರು ಮಾಡಿದೆ. ಮಗ ಕೇಳಿದರೆ ಕೊಡುತ್ತಿದ್ದೆ, ನಾನಾಗಿ ಕರೆದು ಕೊಡುತ್ತಿರಲಿಲ್ಲ. ಕೂತು ಕುಡಿಸುತ್ತಿದ್ದ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುವುದನ್ನೇ ಬಿಟ್ಟೆ. ಅವನು ಕೇಳುವ ಹೊತ್ತಿಗೆ ಸರಿಯಾಗಿ ಬಾಳೆಹಣ್ಣು ಕೈಗಿಟ್ಟು ಅಂಗಳಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಒಂದು ಹೊತ್ತಿನದು ಪೂರ್ತಿ ನಿಂತ ಮೇಲೆ ಇನ್ನೊಂದು. ರಾತ್ರಿಯದು ಕೊನೆಗೆ. ಅದಕ್ಕೆ ನಮ್ಮ ಯಜಮಾನರೇ ಬೇಕಾಯಿತು. ನಾನು ಪಕ್ಕದ ಕೋಣೆಯಲ್ಲಿ ಮಲಗಿದೆ. ಅವರು ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತಾ ಓಡಾಡುತ್ತಿದ್ದರು. ಅತ್ತ, ನಿಜ. ಆದರೆ ಅಪ್ಪನನ್ನು ತಬ್ಬಿಕೊಂಡೇ ಅತ್ತ. ಬರಬರುತ್ತಾ ಎದ್ದರೂ ಒಂದು ಗುಟುಕು ನೀರು ಕುಡಿದು ಮಲಗತೊಡಗಿದ.

ಒಮ್ಮೆಗೇ ನಿಲ್ಲಿಸಿದರೆ ಎದೆ ಕಲ್ಲಿನ ಹಾಗಾಗುತ್ತದೆ. ನೋವು ತಗ್ಗುವಷ್ಟು ಮಾತ್ರ ಹಿಂಡಿ ತೆಗೆಯಿರಿ, ತಣ್ಣೀರು ಬಟ್ಟೆ ಇಡಿ. ಪೂರ್ತಿ ಹಿಂಡುತ್ತಿದ್ದರೆ ಹಾಲು ಬರುತ್ತಲೇ ಇರುತ್ತದೆ. ಕೆಂಪಾಗಿ ಜ್ವರ ಬಂದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಮಂಗಳೂರಿನಿಂದ: ಬೇವಿನ ಸೊಪ್ಪು ಅರೆದು ಹಚ್ಚು ಅಂತ ನಿಮಗೂ ಹೇಳಿಯೇ ಇರುತ್ತಾರೆ. ನಾನು ಹಚ್ಚಲಿಲ್ಲ. ಅಷ್ಟು ದಿನ ಸಮಾಧಾನ ಕೊಟ್ಟ ಜಾಗ ಇದ್ದಕ್ಕಿದ್ದಂತೆ ಕಹಿಯಾದರೆ ಮಗುವಿಗೆ ಹೇಗನ್ನಿಸಬೇಡ? ಈ ವಯಸ್ಸಿಗೆ ಮಾತು ಅರ್ಥವಾಗುತ್ತದೆ, ಅಲ್ವಾ? "ಬೆಳಕಾದ್ಮೇಲೆ ಕೊಡ್ತೀನಿ" ಅಂತಿದ್ದೆ, ಬೆಳಕಾದ ಮೇಲೆ ತಪ್ಪದೆ ಕೊಡುತ್ತಿದ್ದೆ. ಹಾಗಾಗಿ ನಂಬಿದಳು.

ಎದೆಗೆ ಮಲ್ಲಿಗೆ ಹೂ ಕಟ್ಟುವ ಅಜ್ಜಿಯ ಮದ್ದು ಮಾತ್ರ ಸುಮ್ನೆ ಅಲ್ಲ. ವೆಲ್ಲೂರಿನ ವೈದ್ಯರು ಅದನ್ನು ಹಾಲು ಕಡಿಮೆ ಮಾಡುವ ಮಾತ್ರೆಯ ಜೊತೆ ಹೋಲಿಸಿ ನೋಡಿ, ಹೂವಿಗೂ ಹಾಲು ಕಡಿಮೆಯಾಗುತ್ತದೆ ಎಂದು 1988ರಲ್ಲಿ ಪ್ರಕಟಿಸಿದ್ದರು.

ಅಂಗನವಾಡಿ ಶಿಕ್ಷಕಿ, ತುಮಕೂರು: ಜ್ವರ, ಭೇದಿ ಇರುವಾಗ ಬಿಡಿಸಬೇಡಿ. ಅಂಗನವಾಡಿಗೆ ಹೊಸದಾಗಿ ಸೇರಿಸುವ ವಾರವೂ ಬೇಡ. ಬಿಡಿಸಿದ ಮೇಲೆ ಬಾಟಲಿ ತುಂಬಾ ಹಸುವಿನ ಹಾಲು ಕೊಡುವವರನ್ನು ತುಂಬಾ ನೋಡಿದ್ದೇನೆ. ದಿನಕ್ಕೆ ಅರ್ಧ ಲೀಟರ್ ದಾಟಿದರೆ ಮಗುವಿಗೆ ಊಟ ಸೇರುವುದಿಲ್ಲ, ರಕ್ತ ಕಡಿಮೆಯಾಗುತ್ತದೆ. ಲೋಟದಲ್ಲಿ ಸ್ವಲ್ಪ ಕೊಡಿ. ಬೇಳೆ, ಸೊಪ್ಪು, ರಾಗಿ, ತಿನ್ನುವವರಾದರೆ ಮೊಟ್ಟೆ ಜಾಸ್ತಿ ಮಾಡಿ.