ಪದಚರ್ಚೆ: ‘ಸ್ಟಾರ್ಮ್ ವಾಟರ್ ಡ್ರೈನೇಜ್ ಫೇಲ್ಯೂರ್’ ಕನ್ನಡದಲ್ಲಿ ಏನು?

ಮಾನ್ಯರೇ,

ವಾಣಿಜ್ಯ ಸಂಕೀರ್ಣವೊಂದರ ಮಳಿಗೆ ಮಾರಾಟದ ಕರಾರನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಕೊಡಬೇಕು. ಮೇಲಿನ ಮಾತಿಗೆ ‘ಒಳಚರಂಡಿ ವೈಫಲ್ಯ’ ಎಂದೂ, ‘ಡಿಟೆನ್ಶನ್ ಟ್ಯಾಂಕ್’ಗೆ ‘ಇಂಗುಗುಂಡಿ’ ಎಂದೂ, ‘ಲಯಬಿಲಿಟಿ’, ‘ಅಕೌಂಟಬಿಲಿಟಿ’ ಎರಡಕ್ಕೂ ‘ಜವಾಬ್ದಾರಿ’ ಎಂದೂ ಹಾಕಿದ್ದೇನೆ. ಸರಿಯೇ? ದಯವಿಟ್ಟು ಇಂದೇ ತಿಳಿಸಿ.

*

ಮಾನ್ಯರೇ,

ಮೂರೂ ಸರಿಯಿಲ್ಲ. ಒಳಚರಂಡಿ ಎಂಬುದು ಶೌಚ, ಬಚ್ಚಲುಗಳ ಕೊಳಚೆ ಹೋಗುವ ಕೊಳವೆಗೆ ನಿಂತುಹೋದ ಹೆಸರು. ನಿಮಗೆ ಬೇಕಾದದ್ದು ‘ಮಳೆನೀರು ಚರಂಡಿ’. ಇಂಗುಗುಂಡಿಯಲ್ಲಿ ನೀರು ನೆಲಕ್ಕೆ ಇಳಿಯುತ್ತದೆ. ಡಿಟೆನ್ಶನ್ ಟ್ಯಾಂಕಿನಲ್ಲಿ ಕೆಲಕಾಲ ನಿಂತು ಸಣ್ಣ ಕಿಂಡಿಯಿಂದ ನಿಧಾನವಾಗಿ ಹೊರಹೋಗುತ್ತದೆ. ಅದಕ್ಕೆ ‘ತಡೆತೊಟ್ಟಿ’ ಎನ್ನಿ.

‘ವೈಫಲ್ಯ’ದ ಮೇಲೆ ನನಗೆ ಹೆಚ್ಚಿನ ಆಕ್ಷೇಪವಿದೆ. ಕಸ ತುಂಬಿ ಚರಂಡಿ ಕಟ್ಟಿಕೊಳ್ಳುವುದು ಬೇರೆ, ಚರಂಡಿ ಸಾಲದೆ ಹೋಗುವುದು ಬೇರೆ, ವಾಟ ತಪ್ಪಿ ನೀರು ಹಿಂದಕ್ಕೆ ನಿಲ್ಲುವುದು ಬೇರೆ. ಸಾಮಾನ್ಯವಾಗಿ ಮೊದಲನೆಯದಕ್ಕೆ ನಿರ್ವಹಣೆ ಮಾಡುವವರು, ಎರಡನೆಯದಕ್ಕೆ ಲೆಕ್ಕ ಹಾಕಿದ ಮತ್ತು ಒಪ್ಪಿಗೆ ಕೊಟ್ಟವರು, ಮೂರನೆಯದಕ್ಕೆ ಕಟ್ಟಿದ ಗುತ್ತಿಗೆದಾರರು ಉತ್ತರ ಹೇಳಬೇಕು. ಮೂರನ್ನೂ ಒಂದೇ ತತ್ಸಮದಲ್ಲಿ ಮುಚ್ಚಿಟ್ಟರೆ, ನೆಲಮಾಳಿಗೆಗೆ ನೀರು ನುಗ್ಗಿದ ದಿನ ಮೂವರೂ ಪರಸ್ಪರ ಕೈ ತೋರಿಸಿ ಹೊರಟುಬಿಡುತ್ತಾರೆ. ಗಾರೆಯವರ ‘ವಾಟ’ ಎಂಬ ಮಾತನ್ನು ಒರಟು ಎಂದು ಕೈಬಿಡಬೇಡಿ, ‘ಇಳಿಜಾರಿನ ಪ್ರಮಾಣ’ ಎಂದು ಬರೆದರೆ ಕೆಲಸ ಮಾಡುವವರಿಗೆ ಏನೂ ಮುಟ್ಟುವುದಿಲ್ಲ.

ಒಂದು ಹೆಕ್ಟೇರ್ ನೆಲಕ್ಕೆ ಕಾಂಕ್ರೀಟ್ ಹೊದಿಸಿ, ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಬಿದ್ದು, ಅದರ ಹತ್ತರಲ್ಲಿ ಒಂಬತ್ತು ಪಾಲು ಹರಿದರೂ 4,50,000 ಲೀಟರ್ ನೀರು, ಅಂದರೆ ಸೆಕೆಂಡಿಗೆ 125 ಲೀಟರ್, ಎಲ್ಲಿಗಾದರೂ ಹೋಗಲೇಬೇಕು. ಹಿಂದೆ ಅದರಲ್ಲಿ ದೊಡ್ಡ ಪಾಲನ್ನು ಮಣ್ಣು ಕುಡಿಯುತ್ತಿತ್ತು. ಆದ್ದರಿಂದ ಈ ‘ಹರಿನೀರು’ ಮಳೆ ತಂದದ್ದಷ್ಟೇ ಅಲ್ಲ, ಕಟ್ಟಿದವರು ಹೆಚ್ಚಿಸಿದ್ದು ಎಂಬುದು ಕರಾರಿನ ವಾಕ್ಯದಲ್ಲಿ ಕಾಣಬೇಕು.

*

ಮಾನ್ಯರೇ,

‘ಜವಾಬ್ದಾರಿ’ಯ ಬಗ್ಗೆ ಯಾರೂ ಮಾತಾಡಲಿಲ್ಲ. ಅರಬಿಯ ಜವಾಬು, ಪಾರಸಿಯ ದಾರ್ ಸೇರಿ ಆದ ಪದವದು. ಹಳಗನ್ನಡದ ‘ಪೊಣೆ’ ಎಂದರೆ ಜಾಮೀನು. ಪಕಾರ ಹಕಾರವಾಗಿ ನಮಗೆ ‘ಹೊಣೆ’ ಬಂದಿದೆ. ಸೊತ್ತು ಮನೆಯಲ್ಲಿರುವಾಗ ಸಾಲಕ್ಕೆ ಹೋಗುವುದೇಕೆ? ಎರಡಕ್ಕೂ ‘ಹೊಣೆ’ ಎನ್ನಿ. ‘ಅಕೌಂಟಬಿಲಿಟಿ’ಗೆ ಹಾಕುವ ‘ಉತ್ತರದಾಯಿತ್ವ’ ಅನುವಾದಕರ ಕಸರತ್ತು, ಬಿಟ್ಟುಬಿಡಿ.

*

ಹೊಣೆಯ ವ್ಯುತ್ಪತ್ತಿ ಒಪ್ಪಿದೆ, ತೀರ್ಮಾನ ಒಪ್ಪಲಾರೆ. ಹೊಣೆಗೆ ಜಾಮೀನಿನ ಅರ್ಥವಿರುವುದರಿಂದಲೇ ಅದು ನಷ್ಟ ತುಂಬಿಕೊಡುವ ‘ಲಯಬಿಲಿಟಿ’ಗೆ ಸಲ್ಲುತ್ತದೆ. ಯಾವ ಲೆಕ್ಕದ ಮೇಲೆ ಚರಂಡಿಯ ಅಳತೆ ಹಿಡಿದಿರಿ, ನಕ್ಷೆಯಲ್ಲಿದ್ದ ತಡೆತೊಟ್ಟಿಯನ್ನು ವಾಹನ ನಿಲುಗಡೆಗೆ ಏಕೆ ಬಿಟ್ಟುಕೊಟ್ಟಿರಿ ಎಂದು ಕೇಳಿದಾಗ ದಾಖಲೆ ಮುಂದಿಟ್ಟು ವಿವರಿಸಬೇಕಾದದ್ದು ಬೇರೆ ಕರ್ತವ್ಯ. ಅದಕ್ಕೆ ‘ಉತ್ತರದಾಯಿತ್ವ’ ಇರಲಿ, ಇಲ್ಲವೇ ‘ಉತ್ತರ ಹೇಳತಕ್ಕದ್ದು’ ಎಂದು ಕ್ರಿಯಾಪದದಲ್ಲೇ ಬರೆಯಿರಿ. ಕೋಡಿ, ತೂಬು, ಕಾಲುವೆಗಳ ಜೊತೆಗೆ ಪೈಪು, ಪಂಪು ಎಂದೋ ಸೇರಿಹೋಗಿವೆ. ಪದದ ಹುಟ್ಟೂರು ವಿಚಾರಿಸುತ್ತ ಕುಳಿತರೆ ಮಳಿಗೆ ಕೊಂಡವರ ನಷ್ಟ ತುಂಬುವುದಿಲ್ಲ.

ಕೇಳಿದವರಿಗೆ ಇನ್ನೊಂದು ಮಾತು. ಮೂಲದಲ್ಲಿ ‘ಟೆನ್ ಇಯರ್ ಸ್ಟಾರ್ಮ್’ ಎಂದಿದ್ದರೆ ‘ಹತ್ತು ವರ್ಷಕ್ಕೊಮ್ಮೆ ಬರುವ ಮಳೆ’ ಎಂದು ಬರೆಯಬೇಡಿ. ಪ್ರತಿ ವರ್ಷವೂ ಬರುವ ಸಾಧ್ಯತೆ ಶೇ. 10 ಇರುವ ಮಳೆ ಎಂಬುದು ಅದರ ಅರ್ಥ. ‘ಹತ್ತು ವರ್ಷಕ್ಕೊಮ್ಮೆ’ ಎಂದು ಅಚ್ಚಾದರೆ, ಮುಂದಿನ ವರ್ಷವೇ ಅಂಥ ಮಳೆ ಮತ್ತೆ ಸುರಿದಾಗ ಕಟ್ಟಿದವರು ಅದನ್ನು ದೈವಿಕ ವಿಕೋಪವೆಂದು ತೋರಿಸಿ ಹೊಣೆ ಕಳಚಿಕೊಳ್ಳಲು ನಿಮ್ಮ ಅನುವಾದವನ್ನೇ ಹಿಡಿದು ನಿಲ್ಲುತ್ತಾರೆ.