ಅಪ್‌ಡೇಟ್: ಸಿಗರೇಟು ಬಿಟ್ಟ ಮೇಲೆ ಶುರುವಾದ ಕೈನಡುಕ

ಸಿಗರೇಟು ಬಿಟ್ಟಾಗಿನಿಂದ ಎದೆ ಡವಡವ, ಕೈನಡುಕ, ನಿದ್ದೆಯಿಲ್ಲ. ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಮತ್ತೆ ಹಚ್ಚಿಲ್ಲ.

ಯಾರೋ ಹೇಳಿದಂತೆ, ತಂಬಾಕು ಬಿಡಲು ಫೋನಿನಲ್ಲೇ ನೆರವಾಗುವ 1800-11-2356 ಕ್ವಿಟ್‌ಲೈನಿಗೆ ಫೋನ್ ಮಾಡಿದೆ. ಉಚಿತ, ಕನ್ನಡದಲ್ಲೇ ಮಾತಾಡಿದರು. ಒಂದು ದಮ್ಮು ಎಳೆದರೆ ನಿಕೋಟಿನ್ ಮಿದುಳು ತಲುಪಲು ಹತ್ತಿಪ್ಪತ್ತು ಸೆಕೆಂಡು ಸಾಕು. ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ, ಮಿದುಳು ಮತ್ತೆ ಕೈಚಾಚುತ್ತದೆ. ಇಷ್ಟು ಹೇಗೋ ಗೊತ್ತಿತ್ತು.

ಗೊತ್ತಿಲ್ಲದಿದ್ದದ್ದು ಕಾಫಿ ವಿಷಯ! ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳಿಂದ (ನಿಕೋಟಿನ್ ಅಲ್ಲ) ಲಿವರ್ ಕೆಫೀನನ್ನು ಬೇಗ ಬೇಗ ಖಾಲಿ ಮಾಡುತ್ತಿರುತ್ತದಂತೆ. ಹೊಗೆ ನಿಂತರೆ ಆ ವೇಗವೂ ತಗ್ಗುತ್ತದೆ. ಅಂದರೆ ಅದೇ ಫಿಲ್ಟರ್ ಕಾಫಿ ಈಗ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ನಾನೋ, ಸಿಗರೇಟಿನ ಬದಲು ಕಾಫಿ ಏರಿಸಿದ್ದೆ. ಅರ್ಧಕ್ಕಿಳಿಸಿದೆ, ನಿದ್ದೆ ಬಂತು.

2 ಮಿ.ಗ್ರಾಂ. ನಿಕೋಟಿನ್ ಗಮ್ ಕೂಡ ಇದೆ. ಚೂಯಿಂಗ್ ಗಮ್ಮಿನಂತೆ ಜಗಿಯುತ್ತಲೇ ಇರಬಾರದು. ಖಾರ ಹತ್ತಿದ ಕೂಡಲೇ ಕೆನ್ನೆಗೂ ವಸಡಿಗೂ ನಡುವೆ ಒತ್ತಿಡಬೇಕು. ರುಚಿ ಮಾತ್ರ ದೇವರಿಗೇ ಪ್ರೀತಿ.

ಊಟವಾದ ಮೇಲಿನ ಆಸೆ ಇನ್ನೂ ಬಿಟ್ಟಿಲ್ಲ. ಅದನ್ನು ದಾಟಿದವರು ಏನು ಮಾಡಿದಿರಿ?