‘ತಾಸು’ ಬರೀ ಅವಧಿಯೋ, ಹೊತ್ತಿಗೂ ಬಳಸುತ್ತೀರೋ?

ಗೆಳೆಯರೇ,

ಮುಂಬೈಯ ಫೋರ್ಟಿನಲ್ಲಿ ಸೇಂಟ್ ಥಾಮಸ್ ಕೆಥೆಡ್ರಲ್ ಇದೆಯಲ್ಲ, ಅದರ ಗೋಪುರದ ಗಡಿಯಾರದ ಕೆಳಗೆ ಮೊನ್ನೆ ನಾನೂ ವಿಜಯಪುರದ ಗೆಳೆಯನೂ ಒಂದು ಪದ ಹಿಡಿದು ಜಗಳವಾಡಿದೆವು. ಚರ್ಚು 1718ರದ್ದು, ಗಡಿಯಾರದ ಗೋಪುರ ಸೇರಿದ್ದು 1838ರಲ್ಲಿ. ಚರ್ಚ್‌ಗೇಟ್ ಸ್ಟೇಷನ್ನಿನ ಹೆಸರಲ್ಲಿರುವ ಚರ್ಚೂ ಇದೇ. ಹಳೆಯ ಕೋಟೆಯ ಒಂದು ಬಾಗಿಲು ಇದರ ಹೆಸರಿನಲ್ಲಿತ್ತು.

ಗೆಳೆಯ ಫೋನಿನಲ್ಲಿ “ಒಂದ್ ತಾಸಿನ್ಯಾಗ ಬರ್ತೀನಿ” ಅಂದಿದ್ದ. ಬಂದ ಮೇಲೆ ಗೋಪುರ ತೋರಿಸಿ, “ಈಗ ಎಷ್ಟು ತಾಸು?” ಎಂದು ಕಾಲೆಳೆದೆ. “ಹಂಗ ಅನ್ನಂಗಿಲ್ಲೋ, ಐದು ಗಂಟೆ ಆತು ಅನ್ನಬೇಕು” ಅಂದ.

ನಾನು ಕುಂದಾಪುರದ ಕಡೆಯವನು. ನಮಗೆ ಮುಳ್ಳು ತೋರಿಸುವುದೂ ಗಂಟೆ, ಕಾದು ಕೂತದ್ದೂ ಗಂಟೆ, ಗೋಪುರದಲ್ಲಿ ತೂಗುವುದೂ ಗಂಟೆಯೇ. “ಎರಡು ಗಂಟೆಗೆ ಬಂದ”, “ಎರಡು ಗಂಟೆ ಕಾದ” ಎನ್ನುವಾಗ ಬರೀ ‘ಗೆ’ ಪ್ರತ್ಯಯದ ಮೇಲೆ ಬದುಕಬೇಕು. ಅವರಿಗೆ ಹೊತ್ತಿಗೆ ಗಂಟೆ, ಅವಧಿಗೆ ತಾಸು. ಒಳ್ಳೆ ಅನುಕೂಲ ಅಲ್ವಾ?

ಮರಾಠಿಯಲ್ಲೂ ಅವಧಿಗೆ ‘ತಾಸ್’. ಹೊತ್ತು ಕೇಳಲು “ಕಿತೀ ವಾಜಲೇ?”, ಅಂದರೆ ಎಷ್ಟು ಬಾರಿಸಿತು ಅಂತ. ತಾಸ್ ಫಾರಸಿಯಲ್ಲಿ ಬಟ್ಟಲು. ಮರಾಠಿಯಲ್ಲಿ ಹೊತ್ತು ಸಾರಲು ಬಡಿಯುವ ಲೋಹದ ತಟ್ಟೆಗೂ ಅದೇ ಹೆಸರು. ನಮ್ಮ ಗಂಟೆಯ ಹಾಗೆ ಬಡಿಯುವ ವಸ್ತುವೇ ಕಾಲದ ಅಳತೆಯಾಗಿಬಿಟ್ಟಿದೆ! ಇಂಗ್ಲಿಷಿನ ಕ್ಲಾಕ್ ಕೂಡ ಹಾಗೇ, ಲ್ಯಾಟಿನ್ನಿನ ‘ಕ್ಲೊಕ್ಕಾ’, ದೇವಸ್ಥಾನದಲ್ಲಿ ತೂಗುವಂಥ ಗಂಟೆ. ಗಡಿಯಾರ ಬಲ್ಲವರ ಲೆಕ್ಕದಲ್ಲಿ ಗಂಟೆ ಹೊಡೆದರೆ ಮಾತ್ರ ಅದು ಕ್ಲಾಕ್, ಸುಮ್ನೆ ಹೊತ್ತು ತೋರಿಸಿದರೆ ಟೈಮ್‌ಪೀಸ್. ನಮ್ಮಜ್ಜಿಯ ‘ಟೈಂಪೀಸು’ ಮಾತ್ರ ಬೆಳಿಗ್ಗೆ ಐದಕ್ಕೆ ಇಡೀ ಮನೆಯನ್ನು ಎಬ್ಬಿಸುತ್ತಿತ್ತು.

ಈಗ ನನ್ನ ಪ್ರಶ್ನೆ. ಬೆಳಗಾವಿ, ಧಾರವಾಡ, ಬೀದರ ಕಡೆ ಯಾರಾದರೂ “ಐದು ತಾಸಿಗೆ ಬಾ” ಅನ್ನುವುದುಂಟೇ? ಗೆಳೆಯ ಸುತಾರಾಂ ಇಲ್ಲ ಅನ್ನುತ್ತಾನೆ. ಒಬ್ಬನ ಮಾತನ್ನೇ ಇಡೀ ಸೀಮೆಯ ಮಾತು ಅನ್ನಲು ನನಗೆ ಧೈರ್ಯವಿಲ್ಲ. ಇನ್ನೊಂದು: ಗಡಿಯಾರದ ಸದ್ದಿಗೆ ನೀವು ‘ಹೊಡೆಯಿತು’ ಅನ್ನುತ್ತೀರೋ, ‘ಬಾರಿಸಿತು’ ಅನ್ನುತ್ತೀರೋ? ನಮ್ಮಲ್ಲಿ ಹೊಡೆಯುವುದೇ ಜಾಸ್ತಿ. ಊರಿನ ಹೆಸರು ಸೇರಿಸಿ ಬರೆಯಿರಿ.